ಹೆಂಡತಿಗೆ ಬರೆಸುತ್ತಿದ್ದೇನೆ

ಎರಡನೇ ಸಲ ನೀಟ್ ಬರೆಯಲು ಹೋದಾಗ ಕಾರವಾರದ ಆ ಶಾಲೆಯ ಗೇಟಿನಲ್ಲಿದ್ದ ಕಾವಲುಗಾರ ವಿನೋದನನ್ನು ತಡೆದು, ಪಾಲಕರೆಲ್ಲ ಆಚೆ ಮರದ ಬುಡದಲ್ಲಿ ನಿಲ್ಲಬೇಕು ಎಂದ. ವಿನೋದ ಪ್ರವೇಶಪತ್ರ ತೋರಿಸಿದ. ಕಾವಲುಗಾರ ಪತ್ರದ ಫೋಟೋ ನೋಡಿದ, ಇವನ ಮುಖ ನೋಡಿದ, ಬೋಳಾಗುತ್ತಿದ್ದ ತಲೆ ನೋಡಿದ.

"ಓಹೋ, ನೀವೇ ಹುಡ್ಗನಾ?" ಎಂದ.

ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಪರೀಕ್ಷೆಯುದ್ದಕ್ಕೂ ವಿನೋದ ಪ್ರಶ್ನೆಗಳಿಗಿಂತ ಹೆಚ್ಚಾಗಿ ಆ ಹುಡುಗಿಯರ ಬಗ್ಗೆಯೇ ಯೋಚಿಸಿದ. ಅವರಿಗೆ ಹದಿನೇಳೋ ಹದಿನೆಂಟೋ. ಈ ಸಲ ಆಗದಿದ್ದರೆ ಬರುವ ವರ್ಷ, ಅದೂ ಆಗದಿದ್ದರೆ ಅದರ ಮುಂದಿನ ವರ್ಷ. ವರ್ಷಗಳನ್ನು ಶೇಂಗಾದ ಸಿಪ್ಪೆಯ ಹಾಗೆ ಎಸೆಯಬಹುದಾದ ವಯಸ್ಸು. ಅವನಿಗೆ ಮೂವತ್ತೆರಡು.

ಅಂಕೋಲೆಯಲ್ಲಿ ಪಿಯುಸಿ ಮುಗಿಸಿ ಸಿಇಟಿ ಬರೆದಾಗ ಸ್ವಲ್ಪದರಲ್ಲಿ ಅವನಿಗೆ ಮೆಡಿಕಲ್ ಸೀಟು ತಪ್ಪಿತ್ತು. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಿತಿನನಿಗೆ ಸಿಕ್ಕಿತ್ತು. ವಿನೋದ ಡಿಪ್ಲೊಮಾ ಮಾಡಿಕೊಂಡು ಕಾರವಾರದ ಕಾಜುಬಾಗದಲ್ಲಿ ಒಂದು ಖಾಸಗಿ ಲ್ಯಾಬಿಗೆ ಸೇರಿದ. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ರಿಪೋರ್ಟು ಕೊಡುವುದು. ನಿತಿನ ಅದೇ ಊರಿನಲ್ಲಿ ಡಾಕ್ಟರಾದ. ಅವನ ಸಹಿಯ ಚೀಟಿ ಹಿಡಿದ ರೋಗಿಗಳು ದಿನಾ ಬೆಳಿಗ್ಗೆ ಲ್ಯಾಬಿಗೆ ಬರುತ್ತಿದ್ದರು. ಆ ಸಹಿಯ ಕೊನೆಯ ಗೀಟು ಕಾಗದದ ಅಂಚಿನವರೆಗೂ ಹರಿದುಹೋಗಿರುತ್ತಿತ್ತು. ಅದನ್ನು ಕಂಡಾಗಲೆಲ್ಲ ವಿನೋದ ಚೀಟಿಯನ್ನು ಮಗುಚಿ ಇಡುತ್ತಿದ್ದ. ನೀಟ್‌ಗೆ ವಯಸ್ಸಿನ ಮಿತಿ ತೆಗೆದರು ಎಂಬ ಸುದ್ದಿ ಬಂದ ಮೇಲೆ ಅವನು ಮತ್ತೆ ಓದಲು ಕೂತದ್ದು ಜನಸೇವೆಗಾಗಿ ಅಲ್ಲ. ಆ ಗೀಟಿಗಾಗಿ.

ಎರಡು ಸಲ ಆಗಲಿಲ್ಲ. ಮೂರನೆಯದೇ ಕೊನೆ ಎಂದು ಮನೆಯಲ್ಲಿ ಹೇಳಿದ. ಆದರೆ ಮತ್ತೆ ಆ ಗೇಟಿನಲ್ಲಿ ಮಕ್ಕಳ ಸಾಲಿನಲ್ಲಿ ನಿಲ್ಲುವುದನ್ನು ನೆನೆದರೆ ಮೈ ಸುಡುತ್ತಿತ್ತು. ಲ್ಯಾಬಿನಲ್ಲೂ ಊಟದ ಹೊತ್ತಿಗೆ ಅವನು ಓದುತ್ತಿದ್ದ ಪುಸ್ತಕಗಳನ್ನು ನೋಡಿ ಪ್ರಶ್ನೆಗಳು ಶುರುವಾಗಿದ್ದವು. ಒಂದು ದಿನ ಲ್ಯಾಬಿನ ಮಾಲೀಕ ದೇವಿದಾಸರು ನೇರವಾಗಿಯೇ ಕೇಳಿದರು, ಇದೆಲ್ಲ ಯಾರಿಗೆ ಎಂದು. ವಿನೋದನ ಬಾಯಿಂದ ತಾನಾಗಿ ಬಂತು: "ಹೆಂಡತಿಗೆ ಬರೆಸುತ್ತಿದ್ದೇನೆ ಸರ್. ನಾನು ಮೊದ್ಲು ಓದಿ ಅವಳಿಗೆ ಹೇಳಿಕೊಡುದು."

ದೇವಿದಾಸರು ಅರವತ್ತರ ಕೊಂಕಣಿ ಮನುಷ್ಯ. ಇಡೀ ದಿನ ಕೌಂಟರಿನಲ್ಲಿ ಕೂತು ಬಂದವರ ಜೊತೆಗೆಲ್ಲ ಮಾತಾಡುತ್ತಿದ್ದರು. ಒಂದು ವಾರದಲ್ಲಿ ಕಾಜುಬಾಗದಿಂದ ಹಬ್ಬುವಾಡದವರೆಗೆ ವಿಷಯ ಹರಡಿತು. ಅಲ್ಲಿದ್ದ ವಿನೋದನ ಬಾಡಿಗೆ ಮನೆಯ ಓಣಿಯವರು ಅವನ ಹೆಂಡತಿ ಸಂಧ್ಯಾಳನ್ನು ನಿಲ್ಲಿಸಿ, ಓದು ಹೇಗೆ ನಡೆದಿದೆ ಎಂದು ವಿಚಾರಿಸತೊಡಗಿದರು. ಇನ್ನು ಸುಳ್ಳಿಗೆ ಒಂದು ಆಧಾರ ಬೇಕಾಯಿತು. ವಿನೋದ ತನ್ನ ಅರ್ಜಿಯ ಜೊತೆ ಹೆಂಡತಿಯ ಅರ್ಜಿಯನ್ನೂ ತುಂಬಿದ. ಅವಳ ಜೊತೆ ಹೋದರೆ ಗೇಟಿನವರೆಗೆ ತಾನು ಹೆಂಡತಿಯನ್ನು ಕರೆತಂದ ಗಂಡ. ಆಮೇಲೆ ಮೆಲ್ಲಗೆ ಒಳಗೆ ಹೋದರಾಯಿತು. ಎರಡೂ ಅರ್ಜಿಗೆ ತನ್ನ ಮೊಬೈಲ್ ನಂಬರನ್ನೇ ಕೊಟ್ಟ. ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಗ್ಯಾಸಿಗೆ, ಅಂಕೋಲೆಯ ಹತ್ತಿರ ಬೊಬ್ರುವಾಡದಲ್ಲಿದ್ದ ಅಪ್ಪ ಹುಲಿಯಾನ ಪಹಣಿಗೆ, ಅವ್ವಿ ಸುಕ್ರಿಯ ಪಿಂಚಣಿಗೆ, ಮನೆಯ ಎಲ್ಲದಕ್ಕೂ ಅವನದೇ ನಂಬರು.

"ಸುಮ್ನೆ ನನ್ನ ಜೊತೆಗೆ ಬಾ. ಖಾಲಿ ಪೇಪರು ಕೊಟ್ಟು ಬಂದ್ರೂ ಆಯ್ತು" ಎಂದ ಸಂಧ್ಯಾಳಿಗೆ.

ಅವಳು ಆಗಲಿ ಎಂದಳು. ಸಂಧ್ಯಾ ತೋಡೂರಿನವಳು, ಇಪ್ಪತ್ತೆಂಟು ವರ್ಷ. ಪಿಯುಸಿ ಮುಗಿದಾಗ ಅವಳೂ ಒಂದು ಸಲ ಇದೇ ಪರೀಕ್ಷೆ ಬರೆದಿದ್ದಳು. ಸಿಗಲಿಲ್ಲ. ಇನ್ನೊಂದು ವರ್ಷ ಕೂತು ಓದುತ್ತೇನೆ ಎಂದಾಗ ಅಪ್ಪ, ಕೂತು ಓದುವುದು ಗಂಡುಮಕ್ಕಳಿಗೆ ಎಂದಿದ್ದ. ಬಿಎಸ್ಸಿ ಮಾಡಿ, ಅಂಕೋಲೆಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದಾಗ ಮದುವೆಯಾಯಿತು. ಇದನ್ನೆಲ್ಲ ವಿನೋದ ತಿಳಿದಿದ್ದ. ತಿಳಿದದ್ದಕ್ಕೆ ಮಹತ್ವ ಕೊಟ್ಟಿರಲಿಲ್ಲ.

ಬೆಳಿಗ್ಗೆ ಅವನು ಲ್ಯಾಬಿಗೆ ಹೊರಡುವ ಮೊದಲು ಅಭ್ಯಾಸ. ಅವಳು ಒಲೆಯ ಮುಂದೆ ತೆಳ್ಳೇವು ದೋಸೆ ಎರೆಯುತ್ತ ಪ್ರಶ್ನೆ ಓದುವುದು, ಅವನು ಉತ್ತರ ಹೇಳುವುದು. ಮೊದಮೊದಲು ಇದು ಅವನಿಗೆ ಹಿತವಾಗಿತ್ತು. ಒಂದು ದಿನ ಮೂತ್ರಪಿಂಡದ ಪ್ರಶ್ನೆ ಬಂತು. ನೀರು ಎಲ್ಲಿ ಹೀರಿಕೆಯಾಗುತ್ತದೆ, ಲವಣ ಎಲ್ಲಿ. ವಿನೋದ ಹೇಳಿದ್ದು ತಪ್ಪಾಯಿತು. ಸಂಧ್ಯಾ ಕಾವಲಿಯಿಂದ ಕಣ್ಣು ತೆಗೆಯದೆ ಸರಿಯುತ್ತರ ಹೇಳಿದಳು. ಪುಸ್ತಕದ ಹಿಂದಿನ ಪುಟ ತಿರುಗಿಸಿಯೂ ನೋಡಲಿಲ್ಲ.

"ನೀವು ದಿನಾ ಅದನ್ನೇ ಅಲ್ವಾ ಪರೀಕ್ಷೆ ಮಾಡುದು?" ಎಂದಳು. ಬರೀ ತಮಾಷೆಗೆ.

ಅವನು ಅರ್ಧ ತೆಳ್ಳೇವು ತಟ್ಟೆಯಲ್ಲೇ ಬಿಟ್ಟು ಎದ್ದ.

ಅವಳಿಗೆ ಭೌತಶಾಸ್ತ್ರ ಬರುವುದಿಲ್ಲ ಎಂಬುದೊಂದು ಸಮಾಧಾನ ಉಳಿದಿತ್ತು. ಆ ಸಮಾಧಾನವನ್ನು ದಿನಾ ಸವಿಯಲು ಅವನು ಅವಳಿಗೆ ಭೌತಶಾಸ್ತ್ರ ಹೇಳಿಕೊಡಲು ಕೂತ. ಇಳಿಜಾರಿನ ಮೇಲಿನ ಕಲ್ಲು, ರಾಟೆಗೆ ಕಟ್ಟಿದ ಹಗ್ಗ, ವಿದ್ಯುತ್ ಮಂಡಲ. ಅವಳಿಗೆ ತಿಳಿಯದೆ ಹುಬ್ಬು ಗಂಟಿಕ್ಕಿದಾಗ ಅವನಿಗೆ ಒಳಗೊಳಗೇ ತಂಪು. ಆದರೆ ಟ್ಯೂಷನ್ ಹೇಳಿದವಳಾದ್ದರಿಂದ ಅವಳಿಗೆ ಒಂದು ಅಭ್ಯಾಸವಿತ್ತು. ಅವನು ಹೇಳಿಕೊಟ್ಟದ್ದನ್ನು ಸಂಜೆ ಪಾತ್ರೆ ತೊಳೆಯುವಾಗ ಎದುರಿಗೆ ಮಕ್ಕಳು ಕೂತಿದ್ದಾರೆ ಎಂಬಂತೆ ಗೋಡೆಗೆ ಮತ್ತೆ ಹೇಳುತ್ತಿದ್ದಳು. ಗೋಡೆಗೆ ಹೇಳುವಾಗ ಎಲ್ಲಿ ತಡವರಿಸಿದಳೋ ಅಷ್ಟನ್ನು ಮರುದಿನ ಕೇಳುತ್ತಿದ್ದಳು. ಕೆಲವು ಪ್ರಶ್ನೆಗಳಿಗೆ ಅವನೇ ಪುಸ್ತಕ ತಿರುವಬೇಕಾಗುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೇ ಮಾದರಿ ಪರೀಕ್ಷೆ ಬರೆದರು. ಅವಳಿಗೆ ಹೆಚ್ಚು ಬಂತು. ವಿನೋದ ಉತ್ತರಗಳನ್ನು ಎರಡು ಸಲ ತಾಳೆ ನೋಡಿದ. ಆಮೇಲೆ ಉತ್ತರ ಕೊಟ್ಟವರದೇ ತಪ್ಪಿರಬಹುದೇ ಎಂದು ಹುಡುಕಿದ. ಕೊನೆಗೆ, "ಇದು ಸುಲಭದ ಪೇಪರು. ಖರೆ ಪರೀಕ್ಷೆ ಹೀಗೆ ಇರುದಿಲ್ಲ" ಎಂದ.

ಮರುದಿನದಿಂದ ಭೌತಶಾಸ್ತ್ರದ ಪುಸ್ತಕ ಲ್ಯಾಬಿಗೆ ಹೋಯಿತು. ಅಲ್ಲಿ ಓದಲು ಬೇಕು ಎಂದ. ಸಂಧ್ಯಾ ತನ್ನ ಹಳೆಯ ಟ್ಯೂಷನ್ನಿನ ಹುಡುಗಿಯೊಬ್ಬಳಿಂದ ಅದೇ ಪುಸ್ತಕ ತರಿಸಿಕೊಂಡಳು. ಅವನು ಬೊಬ್ರುವಾಡದಿಂದ ತಾಯಿ ಸುಕ್ರಿಯನ್ನು ಕರೆಸಿದ. ಮೊಣಕಾಲು ನೋವಿಗೆ ಇಲ್ಲೇ ಔಷಧ ಮಾಡಿಸುತ್ತೇನೆ ಎಂಬುದು ನೆಪ. ಮನೆಯಲ್ಲಿ ಅತ್ತೆ ಬಂದರೆ ಸೊಸೆಗೆ ಕೆಲಸ ಹೆಚ್ಚುತ್ತದೆ ಎಂಬುದು ಲೆಕ್ಕ. ಸುಕ್ರಿ ಬಂದವಳೇ ಬುಟ್ಟಿ ಕೆಳಗಿಟ್ಟು ಸೊಸೆಯ ಕೈಯಿಂದ ಸೌಟು ಕಸಿದುಕೊಂಡಳು.

"ನೀ ಓದ್ಕಾ ಹೆಣ್ಣೆ. ಅನ್ನ ಬೇಸುಕೆ ಎಂತಾ ಪರೀಕ್ಷೆ ಬೇಕಾ? ನಾ ಬೇಸ್ತೆ" ಎಂದಳು.

ಮಗನಿಗೆ ಓದು ಎಂದು ಅವಳು ಹೇಳಲಿಲ್ಲ. ಅವನು ಓದುತ್ತಾನೆ ಎಂಬುದು ಅವಳಿಗೆ ಗೊತ್ತೇ ಇತ್ತು, ಆದ್ದರಿಂದ ಹೇಳುವ ಅಗತ್ಯ ಕಂಡಿರಲಿಕ್ಕಿಲ್ಲ. ವಿನೋದ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಒಳಕೋಣೆಯಲ್ಲಿ ಪುಸ್ತಕದ ಮುಂದೆ ಕೂತು, ಹೊರಗೆ ಅತ್ತೆ ಸೊಸೆಯ ತಲೆಗೆ ಎಣ್ಣೆ ಹಚ್ಚುವ ಸದ್ದನ್ನೂ ಸೊಸೆ ಅತ್ತೆಗೆ ಹೃದಯದ ಕವಾಟಗಳ ಬಗ್ಗೆ ಹೇಳುವುದನ್ನೂ ಕೇಳುತ್ತ, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ.

ಪರೀಕ್ಷೆ ಮೇ ತಿಂಗಳ ಭಾನುವಾರ. ಅಂಕೋಲೆಯ ಇಶಾಡ ಮಾವು ಕಾರವಾರದ ಪೇಟೆಗೂ ಬಂದಿದ್ದ ಕಾಲ. ಇಬ್ಬರಿಗೂ ಒಂದೇ ಶಾಲೆ ಬಂದಿತ್ತು. ಬೈಕು ನಿಲ್ಲಿಸುವಾಗಲೇ ವಿನೋದನಿಗೆ ಗೇಟಿನ ಪಕ್ಕ ದೇವಿದಾಸರು ಕಂಡರು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಗಣಪತಿಯ ಪ್ರಸಾದ.

"ವೈನಿಗೆ ಬೆಸ್ಟ್ ಲಕ್ ಹೇಳುವಾ ಅಂತ ಬಂದೆ" ಎಂದು ಸಂಧ್ಯಾಳಿಗೆ ಕೊಟ್ಟರು.

ಸಂಧ್ಯಾ ಪ್ರಸಾದದ ಹೂವನ್ನು ಕಣ್ಣಿಗೊತ್ತಿಕೊಂಡಳು. ಒಳಗೆ ಲೋಹದ್ದು ಏನೂ ಬೇಡ ಎಂದಿದ್ದರಿಂದ ಕಿವಿಯದ್ದು, ಮೂಗಿನದ್ದು, ಕೊನೆಗೆ ಕರಿಮಣಿ ಸರ ತೆಗೆದು ಗಂಡನ ಕೈಗಿಟ್ಟಳು. ಅವನ ಅಂಗೈಯಲ್ಲಿದ್ದುದನ್ನೂ ಅವನ ಮುಖವನ್ನೂ ಒಮ್ಮೆ ನೋಡಿದಳು. ಅವನೂ ಒಳಗೆ ಬರಬೇಕಾದವನು. ಆಮೇಲೆ ಸಾಲಿಗೆ ಹೋದಳು. ಅವನ ಪ್ರವೇಶಪತ್ರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಬೆವರಿಗೆ ಅಂಟುತ್ತಿತ್ತು.

ದೇವಿದಾಸರು ಹೋಗಲಿಲ್ಲ. ಚಾ ಕುಡಿಯೋಣ ಎಂದರು. ಪರೀಕ್ಷೆ ಮುಗಿಯುವವರೆಗೆ ನನ್ನ ಮನೆಗೆ ಬಾ, ಬಂಗಡೆ ಸಾರಿದೆ ಎಂದರು. ವಿನೋದ ತಾಯಿಯನ್ನು ಅಂಕೋಲೆಗೆ ಬಿಟ್ಟುಬರಬೇಕು ಎಂದು ಸುಳ್ಳು ಹೇಳಿ ಬೈಕು ಹತ್ತಿದ. ಪಕ್ಕದ ಓಣಿಗೆ ಹೋಗಿ ಮೂಲೆಯಿಂದ ಇಣುಕಿದ. ದೇವಿದಾಸರು ಒಬ್ಬ ಪಾಲಕರ ಹೆಗಲ ಮೇಲೆ ಕೈಹಾಕಿ ಮಾತಿಗೆ ನಿಂತಿದ್ದರು. ಗೇಟು ಮುಚ್ಚುವ ಹೊತ್ತು ಹತ್ತಿರವಾಯಿತು. ಕಾವಲುಗಾರ ಕೂಗತೊಡಗಿದ. ವಿನೋದ ಕರಿಮಣಿಯನ್ನು ಬೈಕಿನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ, ಮತ್ತೆ ಇಣುಕಿದ. ಕೊನೆಗೆ ದೇವಿದಾಸರು ಎಳನೀರಿನವನ ಜೊತೆ ಚೌಕಾಸಿಗೆಂದು ಬೆನ್ನು ತಿರುಗಿಸಿದಾಗ ತಲೆ ತಗ್ಗಿಸಿ ಓಡಿದ. ಗೇಟು ಅವನ ಹಿಂದೆಯೇ ಮುಚ್ಚಿತು. ಬೆಂಚಿನಲ್ಲಿ ಕೂತಾಗ ಉಸಿರು ಸಿಗುತ್ತಿರಲಿಲ್ಲ.

ಅರ್ಜಿ ತುಂಬುವಾಗ ಅವನು ತನಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಕೇಳಿದ್ದ. ಡಾಕ್ಟರಾಗುವವನು ಕನ್ನಡದಲ್ಲಿ ಬರೆದ ಎಂದಾಗಬಾರದು. ಹತ್ತನೆಯವರೆಗೆ ಓದಿದ್ದು ಬೊಬ್ರುವಾಡ ಮತ್ತು ಅಂಕೋಲೆಯ ಕನ್ನಡ ಶಾಲೆಗಳಲ್ಲಿ. ಹೆಂಡತಿಗೆ ಕನ್ನಡ ಎಂದು ಗುರುತು ಹಾಕಿದ್ದ, ಅವಳಿಗೆ ಅಷ್ಟು ಸಾಕೆಂದು. ಕನ್ನಡ ಕೇಳಿದವರಿಗೆ ಎರಡೂ ಭಾಷೆಯಲ್ಲಿ ಅಚ್ಚಾದ ಪತ್ರಿಕೆ ಬರುತ್ತದೆ ಎಂಬುದು ಆಗ ಅವನ ತಲೆಗೆ ಹೊಳೆದಿರಲಿಲ್ಲ. ಭೌತಶಾಸ್ತ್ರದ ಉದ್ದುದ್ದ ವಾಕ್ಯಗಳಲ್ಲಿ ಎರಡು ಸಲ ದಾರಿ ತಪ್ಪಿ ಹಿಂದಕ್ಕೆ ಬರುವಾಗ ಹೊಳೆಯಿತು. ಮೇಲಿನ ಮಹಡಿಯಲ್ಲೆಲ್ಲೋ ಕೂತ ಅವಳು ಈಗ ಒಂದು ಅರ್ಥವಾಗದಿದ್ದರೆ ಇನ್ನೊಂದನ್ನು ನೋಡುತ್ತಿದ್ದಾಳೆ. ಆ ಚಿತ್ರ ಕಣ್ಣ ಮುಂದೆ ಬಂದು ಮತ್ತೊಂದು ಪ್ರಶ್ನೆ ಹೋಯಿತು.

ಫಲಿತಾಂಶ ಬಂದಾಗ ಅವನು ಲ್ಯಾಬಿನಲ್ಲಿದ್ದ. ಮೊದಲು ತನ್ನದು ತೆರೆದ. ಹಿಂದಿನ ವರ್ಷಕ್ಕಿಂತ ಕಡಿಮೆ. ಆಮೇಲೆ ಅವಳದು. ಅವನಿಗಿಂತ ನೂರಕ್ಕೂ ಹೆಚ್ಚು. ಮೀಸಲಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲ ಸೇರಿದರೆ ಸರಕಾರಿ ಸೀಟು ಸಿಗುವಷ್ಟು. ವಿನೋದ ಫೋನನ್ನು ಮಗುಚಿ ಇಟ್ಟು ಸಕ್ಕರೆ ಕಾಯಿಲೆಯವರ ರಕ್ತದ ನಳಿಕೆಗಳನ್ನು ಯಂತ್ರದಲ್ಲಿ ಜೋಡಿಸಿದ. ಸಂಜೆ ಮನೆಗೆ ಹೋಗಿ, ಚಾ ಕುಡಿದು, ಲೋಟ ಕೆಳಗಿಟ್ಟ ಮೇಲೆ, "ನಿಂದು ಪರವಾಗಿಲ್ಲ" ಎಂದ.

ಸಂಧ್ಯಾ ಫೋನು ತೆಗೆದುಕೊಂಡು ನೋಡಿದಳು. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ನಿಮ್ಮದೆಷ್ಟು ಎಂದು ಕೇಳಿದಳು. ಅವನು ಫೋನು ತೆಗೆದುಕೊಂಡು ಜೇಬಿಗಿಟ್ಟ.

"ಇಬ್ರಲ್ಲಿ ಒಬ್ರಿಗಾದ್ರೂ ಆಯ್ತಲ್ಲಾ ತಮಾ" ಎಂದಳು ಸುಕ್ರಿ ಮಗನಿಗೆ.

ಆ ಮಾತು ಅವನಿಗೆ ಬಹಳ ದಿನ ಕುಟುಕಿತು. ಒಬ್ಬರಿಗೆ ಎಂದರೆ ಯಾರಿಗಾದರೂ ಒಂದೇ ಎಂಬ ಹಾಗೆ.

ಆ ರಾತ್ರಿ ಅವನು ಹೆಂಡತಿಯ ಹತ್ತಿರ ಒಂದೇ ಮಾತು ಕೇಳಿಕೊಂಡ. ತಾನೂ ಬರೆದಿದ್ದೆ ಎಂದು ಯಾರಿಗೂ ಹೇಳಬಾರದು. ಅವಳು ಹೇಳುವುದಿಲ್ಲ ಎಂದಳು, ಹೇಳಲಿಲ್ಲ. ದೇವಿದಾಸರು ಇಡೀ ಲ್ಯಾಬಿಗೆ ಪೇಢಾ ಹಂಚಿದರು. ತಮ್ಮ ಪರಿಚಯದ ಪತ್ರಕರ್ತನನ್ನು ಹಬ್ಬುವಾಡದ ಮನೆಗೇ ಕರೆತಂದರು. ವರದಿಯ ತಲೆಬರಹ: ಪತ್ನಿಯ ಕನಸಿಗೆ ಹೆಗಲಾದ ಪತಿ. ಫೋಟೋದಲ್ಲಿ ಸಂಧ್ಯಾ ಪುಸ್ತಕ ಹಿಡಿದು ಕೂತಿದ್ದಳು, ವಿನೋದ ಕುರ್ಚಿಯ ಹಿಂದೆ ನಿಂತಿದ್ದ. ರಕ್ತ ಕೊಡಲು ಬಂದವರು ಅವನ ಕೈ ಕುಲುಕಿದರು. ಒಬ್ಬ ಮುದುಕಿ ಅವನ ತಲೆ ಸವರಿ, ನಿನ್ನಂಥ ಗಂಡ ನನ್ನ ಮೊಮ್ಮಗಳಿಗೂ ಸಿಗಲಿ ಎಂದಳು. ನಿತಿನ ಕೂಡ ಫೋನು ಮಾಡಿದ. ನೀನು ದೊಡ್ಡ ಮನುಷ್ಯ ಮಾರಾಯಾ, ನನ್ನ ಕೈಲಾಗುತ್ತಿರಲಿಲ್ಲ ಎಂದ. ವಿನೋದ ಎಲ್ಲರಿಗೂ ನಕ್ಕ. ಹೊಗಳಿಕೆ ಹೆಚ್ಚಾದಷ್ಟೂ ಅವಳ ಮೇಲಿನ ಹೊಟ್ಟೆಕಿಚ್ಚು ಹೆಚ್ಚಿತು, ಯಾಕೆಂದರೆ ಪ್ರತಿಯೊಂದು ಹೊಗಳಿಕೆಯೂ ಅವಳಿಗೆ ಸೀಟು ಸಿಕ್ಕಿದೆ ಎಂದು ಮತ್ತೊಮ್ಮೆ ಹೇಳುತ್ತಿತ್ತು.

ಕಾಲೇಜುಗಳ ಆಯ್ಕೆ ತುಂಬುವಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಮೊದಲು ಕಾರವಾರ ಹಾಕಿ ಎಂದಳು. ಮೈಸೂರು ಒಳ್ಳೆಯದು, ಬೆಂಗಳೂರು ಒಳ್ಳೆಯದು ಎಂದು ಅವನು ಎರಡು ಸಲ ಹೇಳಿ ನೋಡಿದ. ಮನೆ ಇಲ್ಲೇ ಇದೆ, ಅತ್ತೆಯ ಕಾಲಿದೆ, ಕಾರವಾರವೇ ಇರಲಿ ಎಂದಳು. ಅವಳ ಕಣ್ಣು ಪರದೆಯ ಮೇಲೆಯೇ ಇದ್ದುದರಿಂದ ಬೇರೆ ಏನೂ ಒತ್ತಲಾಗಲಿಲ್ಲ. ಆಗಸ್ಟಿನಲ್ಲಿ ಹಂಚಿಕೆ ಬಂತು. ಕಾರವಾರವೇ.

ಅಂದಿನಿಂದ ಅವನಿಗೆ ಒಂದೇ ಯೋಚನೆ. ಇದೇ ಊರು, ಇದೇ ರಸ್ತೆ. ಅವಳು ಬಿಳಿ ಕೋಟು ಹಾಕಿ ಈ ಲ್ಯಾಬಿನ ಮುಂದೆ ನಡೆದುಹೋಗುತ್ತಾಳೆ. ಕೆಲವು ವರ್ಷಗಳಲ್ಲಿ ಅವಳ ಸಹಿಯ ಚೀಟಿಯೂ ಇದೇ ಮೇಜಿಗೆ ಬರುತ್ತದೆ. ನಿತಿನನದನ್ನು ಸಹಿಸಬಹುದಿತ್ತು. ನಿತಿನನಿಗೆ ಇವನು ಇಳಿಜಾರಿನ ಮೇಲಿನ ಕಲ್ಲಿನ ಲೆಕ್ಕ ಹೇಳಿಕೊಟ್ಟಿರಲಿಲ್ಲ.

ಸೀಟು ಬಂದವರು ಗಡುವಿನೊಳಗೆ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಬೇಕಿತ್ತು. ಕೊಡದಿದ್ದರೆ ಸೀಟು ಮುಂದಿನವರಿಗೆ. ಅದೇ ಹೊತ್ತಿಗೆ ಬೊಬ್ರುವಾಡದಿಂದ ಹುಲಿಯಾನ ಫೋನು ಬಂತು. ನೆರೆ ನಿಂತು ಸಸಿ ಕೊಳೆತು ಹೋಗಿದೆ, ಎರಡನೇ ಸಲ ನಾಟಿ ಮಾಡಬೇಕು. ಅವರಲ್ಲಿ ನಾಟಿ ಮುಯ್ಯಿಯ ಮೇಲೆ ನಡೆಯುತ್ತದೆ. ಇವತ್ತು ಅವರ ಗದ್ದೆಗೆ ನಮ್ಮ ಮನೆಯ ಹೆಂಗಸು, ನಾಳೆ ನಮ್ಮ ಗದ್ದೆಗೆ ಅವರ ಮನೆಯ ಹೆಂಗಸು. ಕೂಲಿ ಕೊಟ್ಟು ತೀರಿಸುವ ಹಾಗಿಲ್ಲ, ಆಳಿಗೆ ಆಳೇ ಹೋಗಬೇಕು. ಸುಕ್ರಿಯ ಮೊಣಕಾಲು ಕೆಸರಿಗೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಸಂಧ್ಯಾ ಹೋಗಲೇಬೇಕಾಯಿತು.

"ನೀ ಹೋಗು. ಒಪ್ಪಿಗೆಯದ್ದೆಲ್ಲ ನಾ ಇಲ್ಲಿಂದ ಮಾಡ್ತೆ" ಎಂದ ವಿನೋದ.

ಅತ್ತೆ ಸೊಸೆ ಇಬ್ಬರೂ ಅಂಕೋಲೆಯ ಬಸ್ಸು ಹತ್ತಿದರು. ಮೊದಲ ದಿನ ವಿನೋದ ಆ ಪುಟ ತೆರೆದು ನೋಡಿ ಮುಚ್ಚಿದ. ಎರಡನೇ ದಿನವೂ ಹಾಗೆಯೇ. ಸೀಟು ಕೆಡಿಸಬೇಕು ಎಂದು ಅವನು ನಿರ್ಧರಿಸಿರಲಿಲ್ಲ. ನಾಳೆ ಮಾಡಿದರಾಯಿತು ಎಂದು ಮಾತ್ರ ಅಂದುಕೊಂಡ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು. ಆ ದಿನಗಳಲ್ಲಿ ಅವಳು ಡಾಕ್ಟರಾಗುವುದು ಅವನ ಹೆಬ್ಬೆರಳಿನ ಕೆಳಗಿತ್ತು. ಅವಳು ಗದ್ದೆಯಿಂದ ಫೋನು ಮಾಡಿ ಕೇಳಿದಾಗಲೆಲ್ಲ, ಸರ್ವರ್ ಬಿಜಿ ಇದೆ, ಎಲ್ಲರೂ ಒಟ್ಟಿಗೆ ಮಾಡುತ್ತಿದ್ದಾರೆ ಎಂದ.

ಕೊನೆಯ ದಿನ ಸಂಜೆಯೊಳಗೆ ಗಡುವು. ಬೆಳಿಗ್ಗೆ ಅವಳು ನಾಟಿಯನ್ನು ಅರ್ಧಕ್ಕೆ ಬಿಟ್ಟು ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ಅಲ್ಲಿಂದ ಫೋನು ಮಾಡಿದಳು. ಇಲ್ಲಿ ಸರ್ವರ್ ಚೆನ್ನಾಗಿಯೇ ನಡೆದಿದೆ, ನಿಮಗೆ ಒಟಿಪಿ ಬರುತ್ತದೆ, ಹೇಳಿ ಎಂದಳು.

ಫೋನು ಕಿಣಿಕ್ ಎಂದಿತು. ಆರು ಅಂಕಿ. ವಿನೋದ ಅವನ್ನು ನೋಡಿದ.

"ಬರ್ಲಿಲ್ಲ ಇನ್ನೂ" ಎಂದ.

ಅವಳು ಕಾದಳು. ಮತ್ತೆ ಕಳಿಸಿ ಎಂದು ಅಲ್ಲಿಯ ಹುಡುಗಿಗೆ ಹೇಳುವುದು ಕೇಳಿಸಿತು. ಮತ್ತೆ ಕಿಣಿಕ್. ಬೇರೆ ಆರು ಅಂಕಿ.

"ಬಂತಾ?"

"ಇಲ್ಲ. ಮಳೆಗೆ ನೆಟ್ವರ್ಕ್ ಇಲ್ಲ ಕಾಣ್ತದೆ."

ಮಾತು ಸ್ಪಷ್ಟವಾಗಿ ಕೇಳುತ್ತಿದ್ದ ಫೋನಿನಲ್ಲೇ ಇದನ್ನು ಹೇಳಿದ. ಫೋನು ಕಟ್ಟಾಯಿತು. ಆಮೇಲೆ ಇನ್ನೆರಡು ಸಲ ಒಟಿಪಿ ಬಂತು, ಅವಳ ಕರೆ ಬಂತು. ವಿನೋದ ಸದ್ದು ನಿಲ್ಲಿಸಿ ಫೋನನ್ನು ಕೌಂಟರಿನ ಖಾನೆಯಲ್ಲಿಟ್ಟು, ಒಳಗೆ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ. ಕಣಗಳನ್ನು ಎಣಿಸುತ್ತ ಮಧ್ಯದಲ್ಲಿ ತಪ್ಪಿ ಮತ್ತೆ ಮೊದಲಿಂದ ಶುರುಮಾಡಿದ. ಅವಳು ಅಳುತ್ತಿರಬಹುದು ಎನಿಸಿತು. ಅಳಲಿ ಎನಿಸಿತು. ಮುಂದಿನ ವರ್ಷ ಇಬ್ಬರೂ ಮತ್ತೆ ಒಟ್ಟಿಗೆ ಓದಬಹುದು ಎಂಬ ಯೋಚನೆಯೂ ಬಂತು, ಅದರಲ್ಲಿ ತಪ್ಪೇನೂ ಇಲ್ಲ ಎಂಬ ಹಾಗೆ.

ಊಟದ ಹೊತ್ತು ಕಳೆದ ಮೇಲೆ ಹೊರಗೆ ದೇವಿದಾಸರ ದೊಡ್ಡ ದನಿ ಕೇಳಿಸಿತು. "ಯಾ ವೈನಿ, ಯಾ, ಬನ್ನಿ ಒಳಗೆ! ಇವರೇ ನೋಡಿ, ಪೇಪರಿನಲ್ಲಿ ಬಂದಿತ್ತಲ್ಲ, ನಮ್ಮ ವಿನೋದನ ಹೆಂಡ್ತಿ!"

ವಿನೋದ ಹೊರಗೆ ಬಂದ. ಬೆಂಚುಗಳಲ್ಲಿ ಏಳೆಂಟು ರೋಗಿಗಳು ಕೂತಿದ್ದರು. ಸಂಧ್ಯಾ ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಅಂಚಿಗೆ ಗದ್ದೆಯ ಕೆಸರು, ಮೊಣಕೈಯಲ್ಲಿ ಒಣಗಿದ ಮಣ್ಣು, ಕೈಯಲ್ಲಿ ನೀರು ಸುರಿಯುವ ಛತ್ರಿ. ಬೆಂಚಿನಲ್ಲಿದ್ದವರು ಅವಳಿಗೆ ಜಾಗ ಮಾಡಿಕೊಟ್ಟರು. ಅವಳು ಕೂರಲಿಲ್ಲ.

"ಫೋನ್ ಕೊಡಿ" ಎಂದಳು.

ವಿನೋದ ಚಾರ್ಜಿಲ್ಲ ಎನ್ನುವಷ್ಟರಲ್ಲಿ ದೇವಿದಾಸರು ಖಾನೆ ಎಳೆದು ಫೋನು ತೆಗೆದರು. ಇಲ್ಲೇ ಇದೆಯಲ್ಲೋ ಬಾಬಾ ಎಂದು ಅವನ ಕೈಗೇ ಕೊಟ್ಟರು. ತೆರೆಯಲು ಅವನ ಹೆಬ್ಬೆಟ್ಟೇ ಬೇಕಿತ್ತು. ಎಲ್ಲರೂ ನೋಡುತ್ತಿದ್ದರು, ಪೇಪರಿನಲ್ಲಿ ಬಂದ ಗಂಡ ಪೇಪರಿನಲ್ಲಿ ಬಂದ ಹೆಂಡತಿಗೆ ಏನು ಮಾಡಿಕೊಡುತ್ತಾನೆ ಎಂದು, ಪ್ರೀತಿಯಿಂದ. ವಿನೋದ ಹೆಬ್ಬೆಟ್ಟು ಒತ್ತಿ ಫೋನು ಅವಳಿಗೆ ಕೊಟ್ಟ.

ನಾಲ್ಕು ಒಟಿಪಿಗಳು ಒಂದರ ಕೆಳಗೊಂದು ಇದ್ದವು. ಅವಳು ಅವನ್ನು ಓದಿದಳು. ಬಂದ ಹೊತ್ತನ್ನೂ ಓದಿದಳು.

ಏನಾಯಿತು ವೈನಿ ಎಂದು ದೇವಿದಾಸರು ಕೇಳಿದರು.

"ಏನಿಲ್ಲ ಸರ್. ಅಂಕೋಲೆಯಲ್ಲಿ ಆಗ್ಲಿಲ್ಲ. ನಿಮ್ಮ ಕಂಪ್ಯೂಟರ್ ಸ್ವಲ್ಪ ಹೊತ್ತು ಕೊಡ್ತ್ರಾ?" ಎಂದಳು.

ವಿನೋದ ಉಸಿರು ಬಿಟ್ಟ. ಬಿಟ್ಟ ಮರುಕ್ಷಣವೇ ಅವಳ ಮೇಲೆ ಎಂದಿಗಿಂತ ಹೆಚ್ಚು ಉರಿದುಕೊಂಡ. ಬೈದಿದ್ದರೆ ಸಮವಾಗುತ್ತಿತ್ತು. ಅವಳು ಇದರಲ್ಲೂ ಮೇಲಾದಳು.

ದೇವಿದಾಸರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಸಂಧ್ಯಾ ಸೆರಗಿಗೆ ಕೈ ಒರೆಸಿಕೊಂಡು ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಫೋನು ಅವಳ ತೊಡೆಯ ಮೇಲಿತ್ತು. ಐದನೇ ಒಟಿಪಿ ಅಲ್ಲಿಗೆ ಬಂತು. ಕಾಲೇಜಿನ ಹೆಸರು, ಅವಳ ಹೆಸರು, ಒಪ್ಪಿಗೆ. ಪ್ರಿಂಟರಿನಿಂದ ಬೆಚ್ಚಗಿನ ಹಾಳೆ ಹೊರಬಂದಾಗ ಬೆಂಚಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ದೇವಿದಾಸರು ವಿನೋದನ ಬೆನ್ನಿಗೆ ಗುದ್ದಿದರು.

"ಇನ್ನು ನಿಂದು ಬಾಕಿ ಉಳೀತು ನೋಡು. ವಯಸ್ಸಿನ ಮಿತಿ ಇಲ್ಲವಂತೆ, ಬರುವ ವರ್ಷ ನೀನೂ ಬರಿ. ಈಗ ಹೇಳಿಕೊಡುಕೆ ಮನೇಲೇ ಮೇಡಂ ಇದ್ದಾರೆ" ಎಂದರು.

ಎಲ್ಲರೂ ನಕ್ಕರು. ಸಂಧ್ಯಾ ನಗಲಿಲ್ಲ. ಕುರ್ಚಿಯಿಂದ ಎದ್ದು ಗಂಡನನ್ನು ನೇರ ನೋಡಿ ಕೇಳಿದಳು, "ಬರೀತ್ರಾ?"

ಅಷ್ಟು ಜನರ ಎದುರು ಅವನು ಹೇಳಬಹುದಾದದ್ದು ಒಂದೇ ಇತ್ತು. "ನಂಗೆಂತಕ್ಕೆ ಅದೆಲ್ಲ? ನಾನು ಯಾವತ್ತೂ ಬರ್ದವನಲ್ಲ."

ಅವಳು ತಲೆಯಾಡಿಸಿದಳು. ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫೋನನ್ನು ಕೌಂಟರಿನ ಮೇಲಿಟ್ಟು ಹೊರಟಳು. ನಾಳೆ ಪಕ್ಕದ ಮನೆಯವರ ಗದ್ದೆಗೆ ಇವಳ ಸರದಿ ಇತ್ತು, ಕತ್ತಲಾಗುವ ಮೊದಲು ಬೊಬ್ರುವಾಡ ಸೇರಬೇಕಿತ್ತು. ವಿನೋದ ಬಾಗಿಲವರೆಗೆ ಹಿಂದೆ ಹೋದ, ಒಳ್ಳೆಯ ಗಂಡ ಹೋಗುವ ಹಾಗೆ.

"ಹಾಸ್ಟೆಲಿಗೆ ಅರ್ಜಿ ಹಾಕ್ತೆ" ಎಂದಳು ಅವಳು, ಛತ್ರಿ ಬಿಚ್ಚುತ್ತ.

"ಎಂತಕ್ಕೆ? ಹಬ್ಬುವಾಡದಿಂದ ದಿನಾ ಹೋಗಿ ಬರ್‍ಬಹುದು."

"ಬರ್‍ಬಹುದು" ಎಂದಳು. "ಕಾಲೇಜಿಗೆ ನನ್ನ ನಂಬರ್ ಕೊಡ್ತೆ."

ಅವಳು ಮಳೆಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ವಿನೋದ ಒಳಗೆ ಬಂದು ಕೈ ತೊಳೆದು, ಮುಂದಿನ ಹೆಸರು ಕರೆದ. ದಪ್ಪನೆಯ ನಡುವಯಸ್ಸಿನ ಹೆಂಗಸೊಬ್ಬಳು ಬಂದು ಕೂತು ತೋಳು ಚಾಚಿದಳು. ಅವನು ಮೇಲ್ತೋಳಿಗೆ ರಬ್ಬರಿನ ಪಟ್ಟಿ ಬಿಗಿದು ನರ ಹುಡುಕತೊಡಗಿದ.

"ಈಗ ಹೋದ್ರಲ್ಲ, ಆ ಡಾಕ್ಟ್ರು ನಿಮ್ಮ ಹೆಂಡ್ತಿಯಾ?" ಎಂದು ಅವಳು ಕೇಳಿದಳು.

"ಡಾಕ್ಟ್ರಲ್ಲ" ಎಂದ ವಿನೋದ. "ಇನ್ನೂ ಅಲ್ಲ. ಮುಷ್ಟಿ ಬಿಗಿ ಹಿಡೀರಿ."